ಕೀಲುನೋವು ವಂಶದ ಸೊತ್ತೇ?

ಕಳೆದ ವೈಶಾಖದಲ್ಲಿ ನಮ್ಮ ಬೀದಿಯ ಒಂದು ಮನೆಗೆ ಗಂಡಿನ ಕಡೆಯವರು ಹೆಣ್ಣು ನೋಡಲು ಬಂದಿದ್ದರು. ಹುಡುಗಿ ನನ್ನ ಹಳೆಯ ಶಿಷ್ಯೆ. ಮಾತುಕತೆಯೆಲ್ಲ ಸುಸೂತ್ರವಾಗಿಯೇ ನಡೆದಿತ್ತು. ತಾಯಿ ಕಾಫಿಯ ಲೋಟ ನೀಡುವಾಗ ಆಕೆಯ ಬೆರಳುಗಳು ಗಂಟುಕಟ್ಟಿ ಒಂದು ಕಡೆಗೆ ವಾಲಿರುವುದು ಬಂದವರ ಕಣ್ಣಿಗೆ ಬಿತ್ತು. ಎರಡು ದಿನಗಳ ಮೇಲೆ, "ವಂಶದಲ್ಲಿ ವಾತವಿದೆಯಂತೆ, ಬೇಡ" ಎಂಬ ಉತ್ತರ ಬಂತು. ಸಂಬಂಧ ತಪ್ಪಿದುದಕ್ಕೆ ಹುಡುಗಿ ಅಷ್ಟಾಗಿ ನೊಂದುಕೊಳ್ಳಲಿಲ್ಲ. ಆದರೆ ಒಂದು ಸಂಜೆ ನನ್ನಲ್ಲಿಗೆ ಬಂದು, "ಮೇಷ್ಟ್ರೇ, ಅಮ್ಮನ ಕೈ ನನಗೂ ಬರುತ್ತದೆಯೆ?" ಎಂದು ಕೇಳಿದಳು.

ನಾನು ಕನ್ನಡ ಪಂಡಿತ, ವೈದ್ಯನಲ್ಲ. ಆದರೂ ಶಿಷ್ಯೆ ಕೇಳಿದ ಪ್ರಶ್ನೆಗೆ ಉತ್ತರವಿಲ್ಲದೆ ಕುಳಿತಿರುವುದು ಉಪಾಧ್ಯಾಯನಿಗೆ ಸಲ್ಲದಷ್ಟೆ. ತಿಳಿದವರನ್ನು ಕೇಳಿ, ಓದಿ ಕಂಡುಕೊಂಡುದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಇದೇ ಪ್ರಶ್ನೆ ನಿಮ್ಮ ಮನೆಯಲ್ಲಿಯೂ ಎಂದಾದರೂ ಎದ್ದಿರಬಹುದು.

ಮೊದಲು, ಇದು ಯಾವ ಕೀಲುನೋವು ಎಂಬುದನ್ನು ಗೊತ್ತುಮಾಡಿಕೊಳ್ಳೋಣ. ವಯಸ್ಸಾದಂತೆ ಮೊಣಕಾಲು ಸವೆದು ನೋಯುವುದುಂಟು, ಅದು ಬೇರೆ. ನಾವು ಹೇಳಹೊರಟಿರುವುದಕ್ಕೆ ವೈದ್ಯರು ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುತ್ತಾರೆ. ನಮ್ಮ ಮಾಧವನಿದಾನದಲ್ಲಿ ವರ್ಣಿತವಾಗಿರುವ ಆಮವಾತವನ್ನು ಅನೇಕರು ಇದಕ್ಕೆ ಹೋಲಿಸುವುದುಂಟು. ಇದು ಮೂವತ್ತು ನಲವತ್ತರ ಪ್ರಾಯದಲ್ಲಿಯೂ ತೋರಬಹುದು. ಎರಡೂ ಕೈಗಳ ಚಿಕ್ಕ ಕೀಲುಗಳು ಊದಿಕೊಳ್ಳುತ್ತವೆ. ಬೆಳಗ್ಗೆ ಎದ್ದಾಗ ಬೆರಳು ಮಡಿಸಲಾಗದಷ್ಟು ಬಿಗಿತ, ಒಂದು ಗಂಟೆ ಕಳೆದರೂ ಸಡಿಲವಾಗದು. ನೂರು ಮಂದಿ ವಯಸ್ಕರಲ್ಲಿ ಹೆಚ್ಚೆಂದರೆ ಒಬ್ಬರಿಗೆ ಬರುವ ರೋಗವಿದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಇದಕ್ಕೆ ಕಾರಣವೇನು? ದೇಹದೊಳಗೆ ರೋಗಾಣುಗಳನ್ನು ಹುಡುಕಿ ಕೊಲ್ಲುವ ಒಂದು ಕಾವಲು ಪಡೆಯಿದೆ. ಈ ಪಡೆಗೆ ತನ್ನವರು ಯಾರು, ಹೊರಗಿನವರು ಯಾರು ಎಂಬ ವಿವೇಕ ಇರಬೇಕು. ಆ ವಿವೇಕ ತಪ್ಪಿದಾಗ ಅದು ಕೀಲಿನ ಒಳಪೊರೆಯನ್ನೇ ಶತ್ರುವೆಂದು ಬಗೆದು ಮೇಲೆ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಈ ಬಗೆಯ ರೋಗಗಳನ್ನು ಸ್ವಯಂಪ್ರತಿರಕ್ಷಾ ರೋಗಗಳೆಂದು ಕರೆಯುತ್ತಾರೆ. ಮಕ್ಕಳಿಗೆ ಬರುವ ಒಂದು ಬಗೆಯ ಸಿಹಿಮೂತ್ರ, ಥೈರಾಯ್ಡ್ ಗ್ರಂಥಿಯ ಕೆಲವು ರೋಗಗಳು, ಲೂಪಸ್, ಇವೆಲ್ಲವೂ ಇದೇ ಗುಂಪಿನವು.

ಇನ್ನು ವಂಶದ ಮಾತು. ಒಂದು ರೋಗ ಹುಟ್ಟಿನಿಂದ ಬಂದದ್ದೋ ಬದುಕಿನಿಂದ ಬಂದದ್ದೋ ಎಂದು ತಿಳಿಯಲು ವಿಜ್ಞಾನಿಗಳು ಅವಳಿಗಳನ್ನು ನೋಡುತ್ತಾರೆ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ವಂಶವಾಹಿಗಳು, ಎಂದರೆ ಜೀನ್‌ಗಳು, ಒಂದೇ. ರೋಗವು ಪೂರ್ತಿಯಾಗಿ ವಂಶದ್ದೇ ಆಗಿದ್ದರೆ ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೂ ತಪ್ಪದೆ ಬರಬೇಕು. ಬ್ರಿಟನ್ನಿನಲ್ಲಿ ನಡೆದು ೧೯೯೩ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ ಕಂಡುದೇನು? ಇಂಥ ಅವಳಿಗಳಲ್ಲಿ ಒಬ್ಬರಿಗೆ ರೋಗವಿದ್ದರೆ ಇನ್ನೊಬ್ಬರಿಗೂ ಇದ್ದುದು ನೂರಕ್ಕೆ ೧೫ ಸಂದರ್ಭಗಳಲ್ಲಿ ಮಾತ್ರ. ಬೇರೆ ಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳಲ್ಲಿ ಅದು ನೂರಕ್ಕೆ ೪ರ ಆಸುಪಾಸು. ೧೫ಕ್ಕೂ ೪ಕ್ಕೂ ಇರುವ ಅಂತರ ವಂಶದ ಪಾಲನ್ನು ತೋರಿಸುತ್ತದೆ. ಉಳಿದ ೮೫ರ ಕಡೆಗೂ ಕಣ್ಣು ಹಾಯಿಸಿ: ಅದೇ ವಂಶವಾಹಿಗಳನ್ನು ಹೊತ್ತೂ ಅವರು ರೋಗವಿಲ್ಲದೆ ಇದ್ದರು.

ಆ ವಂಶದ ಪಾಲು ದೇಹದಲ್ಲಿ ಎಲ್ಲಿ ಅಡಗಿದೆ? ಅಮೆರಿಕದ ಡಲ್ಲಾಸ್ ನಗರದಲ್ಲಿದ್ದ ಪೀಟರ್ ಸ್ಟಾಸ್ಟ್ನಿ ಎಂಬವರು ೧೯೭೮ರಲ್ಲಿ ಒಂದು ಸುಳಿವು ಕೊಟ್ಟರು. ನಮ್ಮ ಆರನೆಯ ವರ್ಣತಂತುವಿನಲ್ಲಿ ಎಚ್.ಎಲ್.ಎ. ಎಂಬ ವಂಶವಾಹಿಗಳ ಸಮೂಹವಿದೆ. ಇವು ಕಟ್ಟುವ ಪ್ರೋಟೀನುಗಳು ಜೀವಕೋಶದ ಹೊರಮೈಯಲ್ಲಿ ತಟ್ಟೆ ಹಿಡಿದಂತೆ ನಿಂತಿರುತ್ತವೆ. ಒಳಗೆ ದೊರೆತ ಚೂರುಪಾರುಗಳನ್ನು ಅದರಲ್ಲಿಟ್ಟು ಕಾವಲುಗಾರರಿಗೆ ತೋರಿಸುತ್ತವೆ. ಒಬ್ಬೊಬ್ಬರಲ್ಲಿ ಒಂದೊಂದು ಬಗೆಯ ತಟ್ಟೆ. ಸ್ಟಾಸ್ಟ್ನಿಯವರು ಪರೀಕ್ಷಿಸಿದ ರೋಗಿಗಳಲ್ಲಿ ನೂರಕ್ಕೆ ೭೦ ಮಂದಿಯಲ್ಲಿ ಡಿ.ಆರ್.೪ ಎಂಬ ಬಗೆ ಇತ್ತು. ಆರೋಗ್ಯವಂತರಲ್ಲಿ? ಅಲ್ಲಿಯೂ ನೂರಕ್ಕೆ ೨೮ ಮಂದಿಯಲ್ಲಿ ಇತ್ತು! ಆದುದರಿಂದ ಇದೊಂದನ್ನು ಕಂಡ ಮಾತ್ರಕ್ಕೆ ರೋಗ ನಿಶ್ಚಯವೆನ್ನಲಾಗದು.

ಆಮೇಲೆ ಇನ್ನೊಂದು ತೊಡಕು ತೋರಿತು. ಡಿ.ಆರ್.೪ ಇಲ್ಲದ ರೋಗಿಗಳಲ್ಲಿ ಡಿ.ಆರ್.೧ ಮೊದಲಾದ ಬೇರೆ ಬಗೆಗಳು ಕಾಣಿಸಿದುವು. ಹೆಸರು ಬೇರೆ, ಫಲ ಒಂದೇ, ಹೇಗೆ? ಗ್ರೆಗರ್ಸನ್, ಸಿಲ್ವರ್ ಮತ್ತು ವಿಂಚೆಸ್ಟರ್ ಎಂಬವರು ೧೯೮೭ರಲ್ಲಿ ಕೊಟ್ಟ ಸಮಾಧಾನ ನಮ್ಮಂಥ ಛಂದಸ್ಸಿನವರಿಗೆ ಬೇಗ ಹಿಡಿಸುತ್ತದೆ. ಒಂದು ಕಂದಪದ್ಯವನ್ನು ನೆನೆಯಿರಿ. ಸಾಲುಗಳ ಪದ ಬೇರೆ, ಅರ್ಥ ಬೇರೆ. ಆದರೆ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ. ಅದೇ ಪ್ರಾಸ. ಹಾಗೆಯೇ ಈ ಬೇರೆ ಬೇರೆ ಪ್ರೋಟೀನುಗಳಲ್ಲಿ ೭೦ರಿಂದ ೭೪ರವರೆಗಿನ ಐದು ಸ್ಥಾನಗಳಲ್ಲಿ ಮಾತ್ರ ಅಮೈನೋ ಆಮ್ಲಗಳ ಜೋಡಣೆ ಒಂದೇ, ಇಲ್ಲವೆ ಬಹುಮಟ್ಟಿಗೆ ಒಂದೇ. ಆ ಐದು ಸ್ಥಾನಗಳು ತಟ್ಟೆಯ ತಗ್ಗಿನ ಅಂಚಿನಲ್ಲಿವೆ. ಯಾವ ಚೂರನ್ನು ಹಿಡಿದು ತೋರಿಸಬೇಕೆಂಬುದು ಅಲ್ಲಿಯೇ ನಿರ್ಣಯವಾಗುತ್ತದೆ.

ಹುಡುಕಾಟ ಅಲ್ಲಿಗೆ ನಿಲ್ಲಲಿಲ್ಲ. ೨೦೦೪ರಲ್ಲಿ ಪಿ.ಟಿ.ಪಿ.ಎನ್.೨೨ ಎಂಬ ಇನ್ನೊಂದು ವಂಶವಾಹಿ ಸಿಕ್ಕಿತು. ಇದರ ಒಂದೇ ಭೇದವು ಕೀಲುರೋಗಕ್ಕೂ ಮಕ್ಕಳ ಸಿಹಿಮೂತ್ರಕ್ಕೂ ಥೈರಾಯ್ಡ್ ರೋಗಕ್ಕೂ ಸ್ವಲ್ಪ ಸ್ವಲ್ಪ ಒತ್ತಾಸೆಯಾಗುತ್ತದೆ. ಒಂದೇ ಮನೆಯಲ್ಲಿ ಅಕ್ಕನಿಗೆ ಥೈರಾಯ್ಡ್, ತಂಗಿಗೆ ಕೀಲು ಎಂಬುದನ್ನು ನೀವು ಕಂಡಿರಬಹುದು. ಅದಕ್ಕೆ ಇಂಥ ಹಂಚಿಕೆಯೂ ಒಂದು ಕಾರಣ. ಯೂರೋಪಿನವರಲ್ಲಿ ಸಾಮಾನ್ಯವಾದ ಈ ಭೇದ ಜಪಾನೀಯರಲ್ಲಿ ಇಲ್ಲವೆಂಬಷ್ಟು ಅಪರೂಪ. ಹೀಗೆ ಒಂದು ಜನಾಂಗದ ಲೆಕ್ಕ ಇನ್ನೊಂದಕ್ಕೆ ಹಾಗೆಯೇ ಹೊಂದದು. ಆದುದರಿಂದ ಯೂರೋಪ್ ಮತ್ತು ಏಷ್ಯ ಮೂಲದ ಒಂದು ಲಕ್ಷಕ್ಕೂ ಮಿಕ್ಕಿದ ಜನರ ವಂಶವಾಹಿಗಳನ್ನು ಒಟ್ಟಿಗೆ ಪರೀಕ್ಷಿಸಿದರು. ೨೦೧೪ರಲ್ಲಿ ಬಂದ ಆ ವರದಿಯಲ್ಲಿ ರೋಗದ ಸಂಬಂಧವಿರುವ ೧೦೧ ಸ್ಥಾನಗಳನ್ನು ಗುರುತಿಸಲಾಗಿದೆ. ಒಂದೊಂದರ ಪ್ರಭಾವವೂ ಬಹುತೇಕ ಅತ್ಯಲ್ಪ. ಅವುಗಳಲ್ಲಿ ಕೆಲವು, ಅದಾಗಲೇ ಬಳಕೆಯಲ್ಲಿದ್ದ ಔಷಧಗಳು ಮುಟ್ಟುವ ಜಾಗಗಳೇ ಆಗಿದ್ದುವು. ಹೊಸ ಔಷಧವನ್ನು ಎಲ್ಲಿ ಹುಡುಕಬೇಕೆಂಬುದಕ್ಕೆ ಇದೊಂದು ದಾರಿ.

ಒಂದೇ ವಂಶವಾಹಿ ಕೆಟ್ಟು ಇಂಥ ರೋಗ ಬರುವುದೇ ಇಲ್ಲವೆ ಎಂದು ನೀವು ಕೇಳಬಹುದು. ಬರುವುದುಂಟು, ಆದರೆ ಬಹಳ ವಿರಳ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ ೧೯೪೦ರ ದಶಕದಲ್ಲಿ ಕೆಲವು ಗಂಡು ಇಲಿಮರಿಗಳು ಚರ್ಮ ಹೊಪ್ಪಳಿಸಿ ಕೆಲವೇ ವಾರಗಳಲ್ಲಿ ಸಾಯುತ್ತಿದ್ದುವು. ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಎಂಬವರು ೨೦೦೧ರಲ್ಲಿ ಅದರ ಮೂಲವನ್ನು ಒಂದು ವಂಶವಾಹಿಯಲ್ಲಿ ಕಂಡುಹಿಡಿದರು. ಅದೇ ದೋಷದಿಂದ ಗಂಡುಮಕ್ಕಳಿಗೂ ಒಂದು ಘೋರರೋಗ ಬರುವುದೆಂದು ತಿಳಿಯಿತು. ಕಾವಲು ಪಡೆಯನ್ನು ಅಂಕೆಯಲ್ಲಿಡುವ ಕಣಗಳನ್ನು ಜಪಾನಿನ ಶಿಮೋನ್ ಸಕಾಗುಚಿ ೧೯೯೫ರಲ್ಲಿಯೇ ತೋರಿಸಿದ್ದರು. ಆ ಕಣಗಳನ್ನು ರೂಪಿಸುವುದೇ ಈ ವಂಶವಾಹಿಯ ಕೆಲಸ. ಮೂವರಿಗೂ ೨೦೨೫ರ ನೊಬೆಲ್ ಬಹುಮಾನ ಸಂದಿತು. ಹುಡುಗಿಯ ತಾಯಿಯ ರೋಗ ಈ ಜಾತಿಯದಲ್ಲ. ಅದು ನೂರು ಸಣ್ಣ ಒತ್ತಡಗಳು ಕೂಡಿದ್ದು.

ಹಾಗಾದರೆ ಆ ಒತ್ತಡಗಳ ಮೇಲೆ ಕೊನೆಯ ನೂಕು ಯಾವುದು? ಚೆನ್ನಾಗಿ ಸಾಬೀತಾದುದು ತಂಬಾಕಿನ ಹೊಗೆ. ಹೊಗೆ ತಾಗಿದ ಶ್ವಾಸಕೋಶದಲ್ಲಿ ಕೆಲವು ಪ್ರೋಟೀನುಗಳ ರೂಪ ಬದಲಾಗುತ್ತದೆ. ಮೇಲೆ ಹೇಳಿದ ಪ್ರಾಸದ ತಟ್ಟೆಗೆ ಆ ಬದಲಾದ ಚೂರುಗಳು ಚೆನ್ನಾಗಿ ಕೂರುತ್ತವೆ. ಕಾವಲುಗಾರರು ಅವನ್ನು ಪರಕೀಯವೆಂದು ಬಗೆದು ಪ್ರತಿಕಾಯಗಳನ್ನು ಸಿದ್ಧಪಡಿಸುತ್ತಾರೆ. ಸ್ವೀಡನ್ನಿನಲ್ಲಿ ೨೦೦೬ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: ತಂದೆ ತಾಯಿ ಇಬ್ಬರಿಂದಲೂ ಆ ವಂಶವಾಹಿ ಪಡೆದು ಧೂಮಪಾನವನ್ನೂ ಮಾಡುವವರಿಗೆ, ಎರಡೂ ಇಲ್ಲದವರಿಗಿಂತ, ಪ್ರತಿಕಾಯವುಳ್ಳ ಕೀಲುರೋಗದ ಸಂಭವ ೨೧ ಪಟ್ಟು. ಅದೇ ದೇಶದ ಉತ್ತರ ಭಾಗದಲ್ಲಿ ಜನರು ಹಿಂದೆ ಕೊಟ್ಟಿದ್ದ ರಕ್ತವನ್ನು ಕಾಪಿಟ್ಟಿದ್ದರು. ಅದನ್ನು ತೆಗೆದು ನೋಡಿದಾಗ, ನೋವು ತೋರುವುದಕ್ಕೆ ವರ್ಷಗಳ ಮೊದಲೇ ಪ್ರತಿಕಾಯಗಳು ಕೆಲವರ ರಕ್ತದಲ್ಲಿ ಇದ್ದುದು ೨೦೦೩ರಲ್ಲಿ ತಿಳಿದುಬಂತು. ರೋಗ ಸದ್ದಿಲ್ಲದೆ ಬಹುಕಾಲ ಹೊಂಚುಹಾಕುತ್ತದೆಂದಾಯಿತು.

ಈಗ ಶಿಷ್ಯೆಯ ಪ್ರಶ್ನೆಗೆ ಬರೋಣ. ತಾಯಿಗೆ ಈ ರೋಗವಿದ್ದರೆ ಮಕ್ಕಳಿಗೆ ಬರುವ ಸಂಭವ ಇತರರಿಗಿಂತ ಸುಮಾರು ಮೂರು ಪಟ್ಟು. ಮೂರು ಪಟ್ಟು ಎಂದರೆ ಎದೆ ಝಲ್ಲೆನ್ನುತ್ತದೆ. ಆದರೆ ಯಾವುದರ ಮೂರು ಪಟ್ಟು? ನೂರಕ್ಕೆ ಒಂದರದು. ಹೆಣ್ಣುಮಕ್ಕಳಿಗೆ ತುಸು ಹೆಚ್ಚೆಂದೇ ಹಿಡಿದರೂ ನೂರರಲ್ಲಿ ತೊಂಬತ್ತಕ್ಕೆ ಮಿಕ್ಕಿದವರಿಗೆ ಅದು ಬರುವುದಿಲ್ಲ. ಇಷ್ಟಕ್ಕೆ ಒಂದು ಸಂಬಂಧವನ್ನು ಬೇಡವೆನ್ನುವುದು ನ್ಯಾಯವೆ? ನೀವೇ ಯೋಚಿಸಿ.

ಇನ್ನೊಂದು ಮಾತನ್ನು ಹೇಳದೆ ಮುಗಿಸಲಾರೆ. ಆ ತಾಯಿಯ ಬೆರಳು ಬಾಗಿದ್ದಕ್ಕೆ ವಂಶವನ್ನು ದೂರುವುದಕ್ಕಿಂತ ತಡವನ್ನು ದೂರಬೇಕು. ಆಕೆ ಆರೇಳು ವರ್ಷ ಅಂಗಡಿಯಲ್ಲಿ ಸಿಗುವ ಯಾವುದೋ ಮಾತ್ರೆಯನ್ನು ನುಂಗುತ್ತ, ಮನೆಗೆಲಸ ಮಾಡುತ್ತಲೇ ಇದ್ದರು. ಅಮೆರಿಕದ ಫಿಲಿಪ್ ಹೆಂಚ್ ೧೯೪೮ರಲ್ಲಿ ಕಾರ್ಟಿಸೋನ್ ಕೊಟ್ಟಾಗ ಹಾಸಿಗೆ ಹಿಡಿದ ರೋಗಿ ಎದ್ದು ನಡೆದದ್ದು ನಿಜ. ೧೯೫೦ರ ನೊಬೆಲ್ ಬಹುಮಾನ ಅದಕ್ಕೆ ಸಂದದ್ದೂ ನಿಜ. ಆದರೆ ಆ ಜಾತಿಯ ಸ್ಟಿರಾಯ್ಡ್ ಔಷಧಗಳನ್ನು ವೈದ್ಯರ ನೋಟವಿಲ್ಲದೆ ಬಹುಕಾಲ ತಿಂದರೆ ಎಲುಬು ಟೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ. ಇಂದು ಮೀಥೊಟ್ರೆಕ್ಸೇಟ್ ಎಂಬ ಔಷಧವನ್ನು ವಾರಕ್ಕೊಮ್ಮೆ ಮಾತ್ರ, ಆಗಾಗ ರಕ್ತಪರೀಕ್ಷೆ ಮಾಡಿಸಿ ಕೊಡುತ್ತಾರೆ. ರೋಗದ ಮೊದಲ ತಿಂಗಳುಗಳಲ್ಲಿಯೇ ತೊಡಗಿದರೆ ಕೀಲುಗಳು ಕೆಡುವುದನ್ನು ಬಹುಮಟ್ಟಿಗೆ ತಡೆಯಬಹುದು. ಕೈಬೆರಳುಗಳ ಊತವೂ ಬೆಳಗಿನ ಬಿಗಿತವೂ ಆರು ವಾರ ಕಳೆದರೂ ಹೋಗದಿದ್ದರೆ, ಅದನ್ನು ವಾತವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಿ. ಮನೆಯೊಳಗೆ ಬೀಡಿ ಸಿಗರೇಟು ಸೇದುವವರಿದ್ದರೆ ಬಿಡಿಸಿ.

ಇದನ್ನೆಲ್ಲ ಹುಡುಗಿಗೆ ಹೇಳಿದೆ. ಆಕೆ ತನಗಾಗಿ ಯಾವ ಪರೀಕ್ಷೆಯನ್ನೂ ಮಾಡಿಸಲಿಲ್ಲ. ತಾಯಿಯನ್ನು ಕೀಲುರೋಗದ ವೈದ್ಯರಲ್ಲಿಗೆ ಕರೆದುಕೊಂಡು ಹೋದಳು. ಬಾಗಿದ ಬೆರಳು ನೆಟ್ಟಗಾಗಲಿಲ್ಲ. ಆದರೆ ಬೆಳಗಿನ ಬಿಗಿತ ತಗ್ಗಿದೆಯೆಂದೂ, ಅಮ್ಮ ಈಗ ತಾವೇ ಜಡೆ ಹೆಣೆದುಕೊಳ್ಳುತ್ತಾರೆಂದೂ ಮೊನ್ನೆ ಬಂದು ತಿಳಿಸಿದಳು.