ಸನ್ಮಾನದ ಜೊತೆಗೊಂದು ಪಾಠ

ಮುಂಗಾರು ಹಿಡಿದುಕೊಳ್ಳುತ್ತಿದ್ದಂತೆ ರಾಜ್ಯದ ಪದವಿ ಕಾಲೇಜುಗಳಿಂದ ಆಮಂತ್ರಣ ಪತ್ರಿಕೆಗಳು ಹೊರಡುತ್ತವೆ. ದಾಖಲಾತಿ ತಡವಾದ ವರ್ಷಗಳಲ್ಲಿ ಇದು ಸೆಪ್ಟೆಂಬರಿಗೂ ಜಾರುವುದುಂಟು. ‘ಸಾಂಸ್ಕೃತಿಕ, ಕ್ರೀಡೆ, ಎನ್‌ಎಸ್‌ಎಸ್, ಯುವ ರೆಡ್‌ಕ್ರಾಸ್, ರೋವರ್ಸ್ ಮತ್ತು ರೇಂಜರ್ಸ್ ಚಟುವಟಿಕೆಗಳ ಉದ್ಘಾಟನೆ’ ಎಂಬ ಉದ್ದದ ತಲೆಬರಹ, ಕೆಳಗೆ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಅದರ ಕೆಳಗೆ ‘ಸನ್ಮಾನಿತರು’ ಎಂಬ ಸಾಲು. ಆ ಸಾಲಿನಲ್ಲಿ ಹೆಚ್ಚಾಗಿ ಕಾಣುವುದು ಮಾಧ್ಯಮದವರು ಮತ್ತು ಸಂಗೀತದವರು: ಜಿಲ್ಲೆಯ ಹಿರಿಯ ವರದಿಗಾರ, ಆಕಾಶವಾಣಿಯ ಉದ್ಘೋಷಕಿ, ವಾಹಿನಿಯ ನಿರೂಪಕ, ಸುಗಮ ಸಂಗೀತದ ಗಾಯಕಿ, ತಬಲಾ ವಾದಕ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ಮಾತು ಮುಗಿದ ಮೇಲೆ ಇವರನ್ನು ಕುರ್ಚಿಯಲ್ಲಿ ಕೂರಿಸಿ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ, ಸ್ಮರಣಿಕೆ ಕೊಡುತ್ತಾರೆ. ಒಬ್ಬ ವಿದ್ಯಾರ್ಥಿನಿ ಅಭಿನಂದನಾ ಪತ್ರ ಓದುತ್ತಾಳೆ. ಫೋಟೊ ತೆಗೆದಾಗುತ್ತದೆ. ಐದು ನಿಮಿಷದೊಳಗೆ ಒಬ್ಬರ ಸನ್ಮಾನ ಮುಗಿದು ಮುಂದಿನವರ ಹೆಸರು ಕೂಗಲಾಗುತ್ತದೆ.

ಈ ಭಾಗವನ್ನು ಸಮಾರಂಭದ ಅಲಂಕಾರವೆಂದೇ ನೋಡುವವರು ಬಹಳ. ಆದರೆ ವರ್ಷವಿಡೀ ಅಂಕಪಟ್ಟಿ, ಹಾಜರಾತಿ, ಆಂತರಿಕ ಮೌಲ್ಯಮಾಪನಗಳಲ್ಲೇ ವಿದ್ಯೆಯನ್ನು ಅಳೆಯುವ ಸಂಸ್ಥೆ, ತಾನು ಕಲಿಸದ, ತನ್ನ ಪರೀಕ್ಷೆಗೆ ಸಿಗದ ಒಂದು ವಿದ್ಯೆಯ ಮುಂದೆ ವಿದ್ಯಾರ್ಥಿಗಳ ಎದುರಿಗೇ ತಲೆಬಾಗುವ ದಿನವಿದು. ವರದಿಗಾರನ ಕಿವಿ, ಉದ್ಘೋಷಕಿಯ ಉಸಿರು, ವಾದಕನ ಬೆರಳು ಪಳಗಿದ್ದು ತರಗತಿಯಲ್ಲಲ್ಲ, ಬಲ್ಲವರ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತು. ಹಾಗಾಗಿ ಈ ಸನ್ಮಾನ ಉಳಿಯಬೇಕು. ಆದರೆ ಬಂದವರು ತಮ್ಮ ವಿದ್ಯೆಯನ್ನು ಅಲ್ಲೇ ತೋರಿಸುವಂತಾದರೆ ಮಾತ್ರ ಅದು ಸಾರ್ಥಕ. ಶಾಲು ಹೊದಿಸಿ ಕಳಿಸಿಬಿಟ್ಟರೆ, ಯಾವುದಕ್ಕೆ ತಲೆಬಾಗಿದೆವೋ ಅದನ್ನು ನೋಡದೆಯೇ ತಲೆಬಾಗಿದಂತೆ.

ತರಗತಿಯ ಹೊರಗೆ ಗಳಿಸಿದ ವಿದ್ವತ್ತನ್ನು ವಿದ್ಯಾಸಂಸ್ಥೆಗಳು ಗೌರವಿಸುವುದು ನಮ್ಮಲ್ಲಿ ಹೊಸತೇನಲ್ಲ. ಡಿ.ವಿ. ಗುಂಡಪ್ಪನವರಿಗೆ ಮೆಟ್ರಿಕ್ಯುಲೇಷನ್ ದಾಟಲಾಗಲಿಲ್ಲ. ಪತ್ರಿಕೆಯ ಕೆಲಸದಲ್ಲೇ ಬದುಕು ಕಟ್ಟಿಕೊಂಡ ಅವರಿಗೆ ಮೈಸೂರು ವಿಶ್ವವಿದ್ಯಾಲಯ 1961ರಲ್ಲಿ ಗೌರವ ಡಿ.ಲಿಟ್. ಕೊಟ್ಟಿತು. ಗಾಯಕಿ ಗಂಗೂಬಾಯಿ ಹಾನಗಲ್ಲರ ಶಾಲೆಯ ಓದು ಪ್ರಾಥಮಿಕ ಹಂತಕ್ಕೇ ನಿಂತಿತ್ತು. ಅವರು ಮುಂದೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತದ ಗೌರವ ಪ್ರಾಧ್ಯಾಪಕಿಯಾದರು. ಈಗ ಮೈಸೂರಿನಲ್ಲಿರುವ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು. ಇನ್ನೂ ಹಿಂದಕ್ಕೆ ಹೋದರೆ, 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರತಂದ ಹರ್ಮನ್ ಮೊಗ್ಲಿಂಗ್ ಅವರಿಗೆ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಡಾಕ್ಟರೇಟ್ ನೀಡಿತು, ಅದೂ ಕನ್ನಡ ಸಾಹಿತ್ಯಕ್ಕೆ ಮಾಡಿದ ಕೆಲಸಕ್ಕಾಗಿ. ಆ ಜುಲೈ 1 ಇಂದು ನಮ್ಮ ಪತ್ರಿಕಾ ದಿನ. ಅದಕ್ಕೆ ಹತ್ತು ದಿನ ಮೊದಲು, ಜೂನ್ 21ಕ್ಕೆ, ವಿಶ್ವ ಸಂಗೀತ ದಿನ. ಎರಡೂ ಕಾಲೇಜು ತೆರೆಯುವ ಕಾಲಕ್ಕೇ ಬರುತ್ತವೆ. ವರ್ಷಾರಂಭದ ಸಮಾರಂಭಕ್ಕೆ ಈ ಎರಡು ವೃತ್ತಿಯವರನ್ನೇ ಕರೆಯುವುದಕ್ಕೆ ಪಂಚಾಂಗದ ಒಪ್ಪಿಗೆಯೂ ಇದ್ದಂತಾಯಿತು.

ಕಾಲೇಜಿಗೂ ಮಾಧ್ಯಮಕ್ಕೂ ಇದ್ದ ನಂಟು ಬರೀ ಗೌರವಿಸುವ ನಂಟಾಗಿರಲಿಲ್ಲ, ಅದು ಕೂಡಿ ದುಡಿಯುವ ನಂಟಾಗಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ ಕರ್ನಾಟಕ ಸಂಘ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆಯನ್ನು ಹೊರತಂದಿತು. ಇಂದಿನ ಉದ್ಘಾಟನಾ ಸಮಾರಂಭಗಳ ಬೇರು ಇರುವುದೇ ಅಂಥ ಸಂಘಗಳಲ್ಲಿ. ಆದರೆ ಆಗಿನ ಸಂಘದಲ್ಲಿ ಕರಡು ತಿದ್ದುವ, ಚಂದಾ ಕೂಡಿಸುವ, ಅಚ್ಚುಕೂಟಕ್ಕೆ ಓಡಾಡುವ ಕೆಲಸವಿತ್ತು. ಮೈಸೂರಿನ ಉದಾಹರಣೆ ಇದಕ್ಕಿಂತ ಸೊಗಸು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಿಂದಲೇ ಒಂದು ಬಾನುಲಿ ಕೇಂದ್ರ ಶುರುಮಾಡಿದರು. ಪ್ರೇಷಕದ ಶಕ್ತಿ 30 ವಾಟ್, ಹಳೆಯ ಕಾಲದ ಒಂದು ಸಣ್ಣ ವಿದ್ಯುತ್ ಬಲ್ಬಿಗೆ ಬೇಕಾದಷ್ಟು. ಆ ಕೇಂದ್ರಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೇ ನಿಂತಿತು. ಧಾರವಾಡದ ಆಕಾಶವಾಣಿ ಕೇಂದ್ರ 1950ರಲ್ಲಿ ಬಂದಿತು. ಗಾಯಕ ಮಲ್ಲಿಕಾರ್ಜುನ ಮನ್ಸೂರರು ಅದರ ಸಂಗೀತ ಸಲಹೆಗಾರರಾಗಿದ್ದರು. ಮಾಧ್ಯಮ ಮತ್ತು ಸಂಗೀತವನ್ನು ಒಂದೇ ವೇದಿಕೆಯಲ್ಲಿ ಕೂರಿಸುವ ಇಂದಿನ ಆಮಂತ್ರಣ ಪತ್ರಿಕೆಗೆ ಇತಿಹಾಸದ ಆಧಾರವಿರುವುದು ಇಲ್ಲಿ: ಕರ್ನಾಟಕದ ಮನೆಮನೆಗೆ ಶಾಸ್ತ್ರೀಯ ಸಂಗೀತ ಮುಟ್ಟಿದ್ದೇ ಬಹುಪಾಲು ಬಾನುಲಿಯ ಮೂಲಕ. ಆ ಬಾನುಲಿಯನ್ನು ನಮ್ಮಲ್ಲಿ ಮೊದಲು ಕೈಯಾರೆ ಕಟ್ಟಿದವರು ಒಬ್ಬ ಮೇಷ್ಟ್ರು.

ಬಂದವರು ತಮ್ಮ ವಿದ್ಯೆಯನ್ನು ಅಲ್ಲೇ ತೋರಿಸಬೇಕು ಎಂದರೆ ಕಛೇರಿಯನ್ನೇ ಏರ್ಪಡಿಸಬೇಕೆಂದಲ್ಲ. ಗಾಯಕಿಯ ತಂಬೂರಿಯನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಪರದೆಯ ಹಿಂದೆಯೇ ಮುಗಿದುಹೋಗುವ ಶ್ರುತಿ ಮಾಡುವ ಕೆಲಸವನ್ನು ವಿದ್ಯಾರ್ಥಿಗಳ ಎದುರಿಗೆ ಮಾಡಲಿ. ನಾಲ್ಕು ತಂತಿ: ಪಂಚಮ, ಎರಡು ಸಾರಣಿ, ಮಂದ್ರ ಷಡ್ಜ. ಮೊದಲು ಬಿರಡೆ ತಿರುವಿ ಸ್ಥೂಲವಾಗಿ ಸ್ವರಕ್ಕೆ ತರಬೇಕು. ಆಮೇಲೆ ತಂತಿಗಳು ಹಾಯುವ ಕುದುರೆಯ ಕೆಳಗಿನ ಮಣಿಯನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ ಸೂಕ್ಷ್ಮಕ್ಕೆ ಬರಬೇಕು. ಕೊನೆಗೆ ಕುದುರೆಯ ಮೇಲೆ ತಂತಿಯ ಅಡಿಗೆ ಹತ್ತಿಯ ನೂಲಿನ ಎಳೆಯೊಂದನ್ನು ಇಟ್ಟು ಅದನ್ನು ಹಿಂದೆ ಮುಂದೆ ಎಳೆಯಬೇಕು. ಎಳೆ ತಪ್ಪಿದ ಜಾಗದಲ್ಲಿದ್ದಾಗ ತಂತಿ ಮೊಟಕಾಗಿ ಸದ್ದು ಮಾಡಿ ಸುಮ್ಮನಾಗುತ್ತದೆ. ಸರಿಯಾದ ಜಾಗಕ್ಕೆ ಬಂದೊಡನೆ ನಾದ ಬಿಚ್ಚಿಕೊಂಡು ಝೇಂಕರಿಸುತ್ತದೆ, ನಾಲ್ಕರಲ್ಲಿ ಯಾವ ತಂತಿಗೂ ಕಟ್ಟಿರದ ಗಾಂಧಾರ ಸ್ವರ ಮಂದ್ರದ ತಂತಿಯೊಳಗಿಂದ ಕೇಳತೊಡಗುತ್ತದೆ. ಹತ್ತು ನಿಮಿಷದ ಈ ಕೆಲಸದಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗೆ ಅನುರಣನದ ಪಾಠವಿದೆ. ಉಳಿದವರಿಗೆಲ್ಲ, ಹಾಡು ಶುರುವಾಗುವ ಮೊದಲೇ ಎಷ್ಟು ಕೇಳಿಸಿಕೊಳ್ಳಬೇಕಾಗುತ್ತದೆ ಎಂಬುದರ ಅರಿವಿದೆ. ಅಭಿನಂದನಾ ಪತ್ರದ ‘ನಾದಲೋಕದ ಧ್ರುವತಾರೆ’ ಎಂಬಂಥ ವಿಶೇಷಣಗಳಿಂದ ಇದರಲ್ಲಿ ಒಂದಂಶವೂ ತಿಳಿಯುವುದಿಲ್ಲ.

ಪತ್ರಕರ್ತರ ವಿಷಯದಲ್ಲಿ ಇದು ಇನ್ನೂ ಸುಲಭ. ಅಂದಿನ ಸಮಾರಂಭದ ವರದಿಯನ್ನೇ ವಿದ್ಯಾರ್ಥಿಗಳು ಬರೆಯಲಿ, ಸನ್ಮಾನಿತರು ಮರುದಿನ ಒಂದು ತಾಸು ಕೂತು ಅದನ್ನು ತಿದ್ದಿಕೊಡಲಿ. ಮೊದಲ ಕರಡು ಹೇಗಿರುತ್ತದೆ ಎಂಬುದು ಡೆಸ್ಕಿನಲ್ಲಿ ಕೆಲಸ ಮಾಡುವ ಯಾರಿಗಾದರೂ ಗೊತ್ತು. ಕಾಲೇಜಿನ ಪೂರ್ತಿ ಹೆಸರು, ಸಭಾಂಗಣದ ಹೆಸರು, ವೇದಿಕೆಯ ಮೇಲಿದ್ದವರ ಪಟ್ಟಿ, ಆಮೇಲೆ ‘ಜ್ಯೋತಿ ಬೆಳಗಿಸಿ ಉದ್ಘಾಟಿಸಿದರು’. ಓದುಗನಿಗೆ ಬೇಕಾದ ಒಂದೇ ಒಂದು ಹೊಸ ಮಾತು, ಅಂದರೆ ಅತಿಥಿಗಳು ಹೇಳಿದ ಮುಖ್ಯ ವಿಷಯ, ಐದನೇ ಪ್ಯಾರಾದಲ್ಲಿ ಎಲ್ಲೋ ಹುದುಗಿರುತ್ತದೆ. ಅನುಭವಿ ಉಪಸಂಪಾದಕ ಪೆನ್ನು ಹಿಡಿದರೆ ಆ ಮಾತು ವರದಿಯ ಮೊದಲ ಸಾಲಿಗೆ, ಅಂದರೆ ಇಂಟ್ರೊಗೆ, ಏರುತ್ತದೆ, ಪಟ್ಟಿ ಕೊನೆಗಿಳಿಯುತ್ತದೆ, ಮುನ್ನೂರು ಪದ ನೂರಿಪ್ಪತ್ತಕ್ಕೆ ಬರುತ್ತದೆ. ಯಾಕೆ ಹೀಗೆ ಎಂದು ಕರಡು ಬರೆದ ವಿದ್ಯಾರ್ಥಿ ಕೇಳಿದಾಗ ಸಿಗುವ ಉತ್ತರವೇ ಪತ್ರಿಕೋದ್ಯಮದ ಪಾಠ. ಪ್ರತಿಯೊಂದು ಹೆಸರಿನ ಅಕ್ಷರ ಸರಿಯಿದೆಯೇ ಎಂದು ಫೋನ್ ಮಾಡಿ ಕೇಳಿಕೊಳ್ಳುವ ಶಿಸ್ತು ಬರುವುದೂ ಹೀಗೆಯೇ. ಮೊಬೈಲಿಗೆ ಬಂದದ್ದನ್ನೆಲ್ಲ ಕ್ಷಣಾರ್ಧದಲ್ಲಿ ಹತ್ತು ಗುಂಪುಗಳಿಗೆ ದಾಟಿಸುವ ಪೀಳಿಗೆಗೆ, ಸುದ್ದಿಯೊಂದನ್ನು ಖಚಿತಪಡಿಸಿಕೊಳ್ಳಲು ಎಷ್ಟು ಶ್ರಮವಾಗುತ್ತದೆ ಎಂಬುದನ್ನು ಕಣ್ಣಾರೆ ತೋರಿಸುವುದಕ್ಕಿಂತ ಒಳ್ಳೆಯ ವರ್ಷಾರಂಭ ಬೇರೆ ಇಲ್ಲ.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. ಕಾಲೇಜುಗಳು ಪತ್ರಕರ್ತರನ್ನು ಸನ್ಮಾನಿಸುವುದು ಪ್ರಚಾರಕ್ಕಾಗಿ, ಇಂದು ಶಾಲು ಹೊದಿಸಿಕೊಂಡವರು ನಾಳೆ ಆ ಸಂಸ್ಥೆಯ ಶುಲ್ಕದ ಬಗ್ಗೆಯೋ ಪ್ರವೇಶದ ಅವ್ಯವಹಾರದ ಬಗ್ಗೆಯೋ ಬರೆಯಲು ಹಿಂಜರಿಯುತ್ತಾರೆ ಎಂಬುದು. ಇದನ್ನು ತಳ್ಳಿಹಾಕುವಂತಿಲ್ಲ. ಶಿಕ್ಷಣ ಸಂಸ್ಥೆಗಳು ಪತ್ರಿಕೆಗಳಿಗೆ ದೊಡ್ಡ ಜಾಹೀರಾತುದಾರರೂ ಆಗಿರುವಾಗ ಸಂಶಯ ಮೂಡುವುದು ಸಹಜ. ಆದರೆ ಈ ಹಂಗಿಗೆ ಜಾಗ ಮಾಡಿಕೊಡುವುದು ಮೆಚ್ಚುಗೆಯಲ್ಲೇ ಶುರುವಾಗಿ ಮೆಚ್ಚುಗೆಯಲ್ಲೇ ಮುಗಿಯುವ ಸನ್ಮಾನ. ಪತ್ರಕರ್ತರನ್ನು ಪಾಠಕ್ಕೆ ಕರೆದರೆ ವಿದ್ಯಾರ್ಥಿಗಳು ಇದೇ ಪ್ರಶ್ನೆಯನ್ನು ಅವರಿಗೇ ಕೇಳಬಹುದು: ನಿಮ್ಮನ್ನು ಸನ್ಮಾನಿಸಿದವರ ವಿರುದ್ಧ ಬರೆಯಬೇಕಾಗಿ ಬಂದರೆ ಏನು ಮಾಡುತ್ತೀರಿ? ಅದಕ್ಕೆ ತುಂಬಿದ ಸಭೆಯಲ್ಲಿ ಉತ್ತರ ಕೊಟ್ಟವರ ಮೇಲೆ ಶಾಲಿನ ಭಾರಕ್ಕಿಂತ ಆ ಉತ್ತರದ ಭಾರವೇ ಹೆಚ್ಚು. ಜೊತೆಗೆ ಕಾಲೇಜು ಒಂದು ನಿಯಮ ಮಾಡಿಕೊಳ್ಳಬಹುದು. ತನ್ನ ಬಗ್ಗೆ ಈಗ ವರದಿ ಮಾಡುತ್ತಿರುವವರನ್ನು ಬಿಟ್ಟು, ಬೇರೆ ಜಿಲ್ಲೆಯವರನ್ನೋ ನಿವೃತ್ತರನ್ನೋ ಕರೆಯುವುದು.

ಎರಡನೆಯ ಆಕ್ಷೇಪ ಕಲಾವಿದರ ಕಡೆಯಿಂದ ಬರುತ್ತದೆ, ಮತ್ತು ಅದರಲ್ಲಿ ನೋವಿದೆ. ‘ಸನ್ಮಾನ ಮಾಡುತ್ತೇವೆ ಬನ್ನಿ’ ಎಂದು ಕರೆದು, ಬಂದ ಮೇಲೆ ‘ಹೇಗೂ ಬಂದಿದ್ದೀರಿ, ಎರಡು ಹಾಡು ಹಾಡಿ’ ಎನ್ನುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಸಂಭಾವನೆಯ ಮಾತೆತ್ತಿದರೆ ಸನ್ಮಾನದ ಘನತೆ ಕುಗ್ಗಿತೆಂಬ ಭಾವನೆ. ಪಾಠವನ್ನೂ ಸೇರಿಸಿದರೆ ಬಿಟ್ಟಿ ದುಡಿಮೆ ಇನ್ನಷ್ಟು ಹೆಚ್ಚುವುದಿಲ್ಲವೇ? ಹೆಚ್ಚುತ್ತದೆ, ಹಣ ಕೊಡದಿದ್ದರೆ. ಆದ್ದರಿಂದ ಹಣ ಕೊಡಬೇಕು, ಎಷ್ಟೆಂಬುದನ್ನು ಕರೆಯುವಾಗಲೇ ಹೇಳಬೇಕು. ದುಬಾರಿ ಸ್ಮರಣಿಕೆ, ಹೂವಿನ ಅಲಂಕಾರ, ಫ್ಲೆಕ್ಸು, ದಾರಿಯುದ್ದದ ಕಮಾನು ಇವುಗಳಿಗೆ ಹೊಂದುವ ದುಡ್ಡು ವಾದಕನಿಗೆ ಹೊಂದುವುದಿಲ್ಲ ಎಂದರೆ ನಂಬುವುದು ಕಷ್ಟ. ನಿಯಮದ ಅಡ್ಡಿಯೂ ಈಗ ಹಿಂದಿನಷ್ಟಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ 2022ರಲ್ಲಿ ಹೊರಡಿಸಿದ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿಯ ಪ್ರಕಾರ, ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ ದುಡಿದ ತಜ್ಞರನ್ನು ಪದವಿಯ ಅರ್ಹತೆ ಕೇಳದೆಯೇ ಬೋಧನೆಗೆ ತೆಗೆದುಕೊಳ್ಳಬಹುದು. ಅದರಲ್ಲಿ ಹೆಸರಿಸಿದ ಕ್ಷೇತ್ರಗಳಲ್ಲಿ ಮಾಧ್ಯಮ ಮತ್ತು ಲಲಿತಕಲೆ ಎರಡೂ ಇವೆ. ಇದಕ್ಕೂ ಅನುಮತಿ, ಅನುದಾನಗಳ ತೊಡಕು ಇದ್ದೇ ಇರುತ್ತದೆ, ಸಣ್ಣ ಊರಿನ ಸರ್ಕಾರಿ ಕಾಲೇಜಿಗೆ ಅದು ನಾಳೆಯೇ ಕೈಗೂಡುವ ಮಾತಲ್ಲ. ಆದರೆ ಒಂದು ದಿನದ ಗೌರವಧನಕ್ಕೆ ಯಾವ ಮಾರ್ಗಸೂಚಿಗೂ ಕಾಯಬೇಕಿಲ್ಲ.

ವಿದ್ಯಾರ್ಥಿಗಳು ಕೂತು ಕೇಳುವುದಿಲ್ಲ ಎಂಬ ದೂರಿಗೆ ಹೆಚ್ಚು ಮಾತು ಬೇಡ. ಎರಡು ತಾಸಿನ ಭಾಷಣಗಳ ನಂತರ ಮಧ್ಯಾಹ್ನ ಒಂದೂವರೆಗೆ ಹಾಡಿಸಿದರೆ ಹಸಿದವರು ಎದ್ದು ಹೋಗುತ್ತಾರೆ, ಅದು ಅವರ ತಪ್ಪಲ್ಲ. ಸನ್ಮಾನಿತರನ್ನು ಮೊದಲಿಗೇ ಮಾತಿಗೋ ಹಾಡಿಗೋ ಬಿಟ್ಟು, ಭಾಷಣಗಳನ್ನು ಆಮೇಲಿಟ್ಟು ನೋಡಬಹುದು.

ಯಾರನ್ನು ಸನ್ಮಾನಿಸಬೇಕು ಎಂಬ ಪ್ರಶ್ನೆ ಮಾತ್ರ ಇನ್ನೂ ಉಳಿದಿದೆ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದೂ ಅದೇ. ಪರದೆಯ ಮೇಲೆ ಕಂಡ ಮುಖ, ಚಿತ್ರಗೀತೆಯಲ್ಲಿ ಕೇಳಿದ ದನಿ ಬಂದರೆ ಸಭಾಂಗಣ ತುಂಬುತ್ತದೆ ಎಂಬುದು ನಿಜ. ಅವರೂ ಬರಲಿ. ಆದರೆ ಎರಡೂ ವೃತ್ತಿಗಳು ನಿಂತಿರುವುದು ಹೆಸರು ಕೇಳಿರದವರ ಮೇಲೆ. ಗಾಯಕಿಯ ಹಿಂದೆ ತಂಬೂರಿ ಹಿಡಿದು ಮೂರು ತಾಸು ಶ್ರುತಿ ಬಿಡದೆ ಕೂರುವವರು, ಹಾರ್ಮೋನಿಯಂ ಸಾಥಿ, ಧ್ವನಿಮುದ್ರಣದ ತಂತ್ರಜ್ಞ, ರಾತ್ರಿಪಾಳಿಯ ಉಪಸಂಪಾದಕಿ, ಪುಟ ವಿನ್ಯಾಸಗಾರ, ತಾಲ್ಲೂಕಿನ ಅರೆಕಾಲಿಕ ಸುದ್ದಿಗಾರ. ಇವರ ವಿದ್ಯೆ ಪಠ್ಯಕ್ರಮದಲ್ಲಿಲ್ಲ, ಪ್ರಶಸ್ತಿ ಪಟ್ಟಿಗಳಲ್ಲೂ ಅಪರೂಪ. ಪದವಿ ಮುಗಿಸಿ ಈ ಕ್ಷೇತ್ರಗಳಿಗೆ ಹೋಗುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಸೇರುವುದೂ ಇಂಥ ಕೆಲಸಗಳಿಗೇ. ಪ್ರಖ್ಯಾತರನ್ನು ನೋಡಿ ಕನಸು ಕಟ್ಟಿಕೊಂಡ ಹುಡುಗಿಗೆ, ಧ್ವನಿಫಲಕದ ಮುಂದೆ ಇಪ್ಪತ್ತು ವರ್ಷ ಕೂತವರು ಸಂಬಳ, ಪಾಳಿ, ಸಂತೋಷ, ಬೇಸರ ಎಲ್ಲವನ್ನೂ ಬಿಚ್ಚಿ ಹೇಳಿದರೆ ಅದರಿಂದ ಆಗುವ ಉಪಕಾರ ದೊಡ್ಡದು.

ಇಂಥವರ ಮಾತನ್ನು ಉಳಿಸಿಕೊಳ್ಳುವ ದಾರಿಯೂ ಈಗ ಕೈಗೆಟುಕುವಂತಿದೆ. ಶಿಕ್ಷಣ ಸಂಸ್ಥೆಗಳು ಸಮುದಾಯ ಬಾನುಲಿ ನಡೆಸಲು ಎರಡು ದಶಕಗಳಿಂದ ಅನುಮತಿಯಿದೆ. ಮಂಗಳೂರಿನ ಸೇಂಟ್ ಅಲೋಶಿಯಸ್ ಸಂಸ್ಥೆಯ ‘ರೇಡಿಯೊ ಸಾರಂಗ್’ 107.8 ಎಫ್‌ಎಂ ಅದಕ್ಕೊಂದು ನಿದರ್ಶನ. ಅಷ್ಟು ದೊಡ್ಡ ವ್ಯವಸ್ಥೆ ಇಲ್ಲದ ಕಾಲೇಜಿಗೆ ಒಂದು ಮೊಬೈಲು, ಒಂದು ಕಾಲರ್ ಮೈಕು, ಸದ್ದಿಲ್ಲದ ಒಂದು ಕೋಣೆ ಸಾಕು. ಸಮಾರಂಭದ ದಿನವೇ ಸನ್ಮಾನಿತರನ್ನು ಅರ್ಧ ತಾಸು ಮಾತಾಡಿಸಿ, ಅವರ ಒಪ್ಪಿಗೆ ಪಡೆದು, ದಿನಾಂಕ, ಹೆಸರು, ಊರು ಬರೆದು ಗ್ರಂಥಾಲಯದಲ್ಲಿಡಬಹುದು. ಪ್ರಶ್ನೆ ಸಿದ್ಧಪಡಿಸುವ, ಧ್ವನಿಮುದ್ರಿಸುವ, ಕೇಳಿ ಬರೆದಿಳಿಸುವ ಕೆಲಸವನ್ನು ಮೊದಲ ವರ್ಷದ ವಿದ್ಯಾರ್ಥಿಗಳಿಗೇ ಹಂಚಬೇಕು. ಮುಂದಿನ ವರ್ಷದ ಸನ್ಮಾನಿತರನ್ನು ಆರಿಸುವ ಸಮಿತಿಯಲ್ಲೂ ಅವರಲ್ಲಿ ಇಬ್ಬರಿಗೆ ಜಾಗವಿರಲಿ.