ಊರಿನ ಆರೋಗ್ಯವನ್ನು ಕಾಯುವ ಉದ್ಯೋಗ

ಪರೀಕ್ಷೆಯ ಫಲಿತಾಂಶ ಹೊರಬಿದ್ದೊಡನೆ ಮಗನು ವೈದ್ಯನಾಗಬೇಕೆ, ಎಂಜಿನಿಯರನಾಗಬೇಕೆ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಏಳುವುದುಂಟು. ಈ ಎರಡರ ನಡುವೆ ನಿಂತು, ರೋಗಿ ತನ್ನ ಬಳಿಗೆ ಬರಲೆಂದು ಕಾಯದೆ ರೋಗದ ಮೂಲವನ್ನೇ ಅರಸಿಕೊಂಡು ಹೋಗುವ ಆರೋಗ್ಯ ನಿರೀಕ್ಷಕನ ವೃತ್ತಿಯ ಹೆಸರನ್ನು ಆ ಸಂದರ್ಭದಲ್ಲಿ ಎತ್ತುವವರು ವಿರಳ.

ಈ ಕಾರ್ಯದ ಅಗತ್ಯವನ್ನು ಬೆಂಗಳೂರಿಗೆ ಮನಗಾಣಿಸಿದುದು 1898ರ ಪ್ಲೇಗು. ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಆ ಮಾರಿ ಸಾವಿರಾರು ಜನರನ್ನು ಬಲಿತೆಗೆದುಕೊಂಡ ತರುವಾಯ, ಅಗಲವಾದ ರಸ್ತೆ, ಗಾಳಿಬೆಳಕುಗಳುಳ್ಳ ಮಲ್ಲೇಶ್ವರ, ಬಸವನಗುಡಿಗಳತ್ತ ಜನ ಸಾಗಿದರು. ಅಲ್ಲಿಯ ಮನೆಗಳ ಹಿಂಬದಿಯಲ್ಲಿರುವ ಕನ್ಸರ್ವೆನ್ಸಿ ಗಲ್ಲಿಗಳು ಆ ಕಾಲದ ನೈರ್ಮಲ್ಯ ವಿಚಾರಕ್ಕೆ ಸಾಕ್ಷಿಯಾಗಿರುವಂತೆಯೇ, ಅವುಗಳಲ್ಲಿ ಪರರ ಮಲವನ್ನು ಹೊತ್ತು ನಡೆದವರ ಅವಮಾನಕ್ಕೂ ಸಾಕ್ಷಿಯಾಗಿವೆ. ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು, ರಕ್ಷಣಾ ಸಾಧನವಿಲ್ಲದೆ ಮನುಷ್ಯನನ್ನು ಒಳಚರಂಡಿಗೆ ಇಳಿಸುವುದು ಅಪರಾಧವೆಂದು 2013ರ ಕೇಂದ್ರ ಕಾಯಿದೆ ಸಾರಿತು. ಈ ಕಾಯಿದೆಯನ್ನು ಕಡತದಿಂದ ಬೀದಿಗೆ ತರಬೇಕಾದವರಲ್ಲಿ ನಿರೀಕ್ಷಕನೂ ಒಬ್ಬನೆಂಬುದನ್ನು ಈ ಕೆಲಸಕ್ಕೆ ಬರುವವರು ಮೊದಲೇ ಅರಿತಿರಬೇಕು.

ಬೆಳಗು ಹರಿಯುವ ಹೊತ್ತಿಗೆ ಪೌರಕಾರ್ಮಿಕರ ಹಾಜರಿಯೊಂದಿಗೆ ಅವನ ದಿನ ಮೊದಲಾಗುತ್ತದೆ. ನೀರಿನ ಪರೀಕ್ಷೆಯಂತೂ ಅತಿ ಮುಖ್ಯವಾದುದು. ದಿನಬಿಟ್ಟು ದಿನ ನೀರು ಬಿಡುವ ನಮ್ಮ ಊರುಗಳಲ್ಲಿ, ನೀರು ನಿಂತೊಡನೆ ಕೊಳವೆಯೊಳಗಿನ ಒತ್ತಡ ಕುಗ್ಗಿ, ಬಿರುಕಿದ್ದೆಡೆಯಲ್ಲಿ ಪಕ್ಕದ ಮೋರಿಯ ಕೊಳಕು ಒಳಗೆ ಸೆಳೆಯಲ್ಪಡುತ್ತದೆ. ಆದುದರಿಂದ ಟ್ಯಾಂಕಿನಲ್ಲಿ ಬ್ಲೀಚಿಂಗ್ ಪುಡಿ ಹಾಕಿದರೆ ಸಾಲದು. ಬೀದಿಯ ಕೊನೆಯ ಮನೆಯ ನಲ್ಲಿಯಲ್ಲಿಯೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಆರ್ಥೊಟಾಲಿಡಿನ್ ದ್ರಾವಣದ ಕೆಲವು ಹನಿ ಬಿಟ್ಟಾಗ ನೀರು ಹಳದಿಯಾಗದಿದ್ದರೆ, ವಾಂತಿಭೇದಿಯ ಸುದ್ದಿ ಬರುವ ಮೊದಲೇ ಎಚ್ಚರಗೊಳ್ಳುವ ಅವಕಾಶ ಅವನಿಗೆ ದೊರೆಯುತ್ತದೆ. ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆಯು ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕಾದುದರಿಂದ, ವಾರಕ್ಕೊಮ್ಮೆ ತೊಟ್ಟಿಗಳನ್ನು ಬರಿದುಮಾಡಿ ಉಜ್ಜಿಸುವ ಕೆಲಸವೂ ಅವನದೇ. ಹೋಟೆಲಿನ ಅಡುಗೆಮನೆ, ಕಸಾಯಿಖಾನೆ, ಸಂತೆಗಳ ತಪಾಸಣೆ ಬೇರೆ.

ಇದಕ್ಕೆ ಬೇಕಾದ ಶಿಕ್ಷಣ ದುರ್ಲಭವಲ್ಲ: ಪ್ಯಾರಾಮೆಡಿಕಲ್ ಮಂಡಳಿಯ ಆರೋಗ್ಯ ನಿರೀಕ್ಷಕ ಡಿಪ್ಲೊಮಾ ನಮ್ಮಲ್ಲಿದೆ, ಉನ್ನತ ವ್ಯಾಸಂಗ ಬಯಸುವವರಿಗೆ 1932ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿತವಾದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆಯಿದೆ. ದುರ್ಲಭವಾದುದು ಸ್ವಭಾವ. ದಂಡ ಹಾಕಿದೊಡನೆ ಪರಿಚಯಸ್ಥರ ಫೋನುಗಳು ಬರುತ್ತವೆ. ಅವುಗಳಿಗೆ ಸೌಜನ್ಯದಿಂದ ಇಲ್ಲವೆನ್ನಲು ಬಾರದವನು ಬೇರೆ ಉದ್ಯೋಗ ನೋಡಿಕೊಳ್ಳುವುದು ಲೇಸು. ಕೊಳಕನ್ನು ಕಂಡು ಮೂಗು ಮುಚ್ಚಿಕೊಳ್ಳುವವನಿಗಾದರೂ ಕ್ರಮೇಣ ಅಭ್ಯಾಸವಾದೀತು. ಕೊಳಕನ್ನು ತೆಗೆಯುವವರನ್ನು ಕೀಳಾಗಿ ಕಾಣುವವನಿಗೆ ಈ ಹುದ್ದೆ ಸಲ್ಲದು.

ಅರ್ಜಿ ಹಾಕುವ ಮುನ್ನ ನಿಮ್ಮ ಪುರಸಭೆಯ ಆರೋಗ್ಯ ಶಾಖೆಯಲ್ಲಿ ಅನುಮತಿ ಕೇಳಿ, ಮಳೆಗಾಲದ ಒಂದು ಬೆಳಗು ನಿರೀಕ್ಷಕರೊಡನೆ ವಾರ್ಡು ಸುತ್ತಿ ಬನ್ನಿ; ತರುಣಿಯರೂ ಹೋಗಿ ನೋಡಬೇಕು.