ಹೊಟ್ಟೆಯ ಡಯಾಲಿಸಿಸ್ ಪಡೆಯುವ ಕೃಷಿಕರು ವಹಿಸಬೇಕಾದ ಎಚ್ಚರ

ಕೊಕ್ಕರ್ಣೆ ಸುತ್ತಿನ ಕೃಷಿಕರಿಗೆ ಟ್ರೈಕೋಡರ್ಮ ಹೊಸದಲ್ಲ. ಬೇವಿನ ಹಿಂಡಿ, ಹಟ್ಟಿಗೊಬ್ಬರದೊಡನೆ ಬೆರೆಸಿ ಕಾಳುಮೆಣಸಿನ ಬುಡಕ್ಕೆ ಹಾಕುವ ಈ ಶಿಲೀಂಧ್ರವು ಸೊರಗು ರೋಗದ ಹತೋಟಿಗೆ ನೆರವಾಗುತ್ತದೆ. ಆರೋಗ್ಯವಂತರಿಗೆ ಇದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಹೊಟ್ಟೆಯ ಮೂಲಕ ಡಯಾಲಿಸಿಸ್ ಪಡೆಯುವವರ ವಿಷಯ ಬೇರೆ. ಇಂಥ ರೋಗಿಯೊಬ್ಬರ ಉದರದಲ್ಲಿ ಟ್ರೈಕೋಡರ್ಮ ವಿರಿಡೆ ಸೋಂಕುಂಟುಮಾಡಿದ್ದನ್ನು 1983ರಲ್ಲೇ ಅಮೆರಿಕದ ವೈದ್ಯರು ವರದಿ ಮಾಡಿದ್ದಾರೆ.

ಸೋಂಕು ತಗಲುವ ಬಗೆ

ಭಾರತದಲ್ಲಿ 1991ರಿಂದ ಬಳಕೆಯಲ್ಲಿರುವ ಈ ಚಿಕಿತ್ಸೆಯಲ್ಲಿ ಹೊಟ್ಟೆಗೆ ಮೆತ್ತನೆಯ ಕೊಳವೆ ಜೋಡಿಸಿ, ದಿನಕ್ಕೆ ಮೂರು-ನಾಲ್ಕು ಬಾರಿ ಸುಮಾರು 2 ಲೀಟರ್ ದ್ರಾವಣ ತುಂಬಿ, ಕೆಲವು ತಾಸುಗಳ ನಂತರ ಹೊರಬಿಡುತ್ತಾರೆ. ಉದರದ ಒಳಪೊರೆಯೇ ಜರಡಿಯಾಗಿ ರಕ್ತದ ಕಲ್ಮಶ ದ್ರಾವಣಕ್ಕೆ ಇಳಿಯುತ್ತದೆ. ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಆದರೆ ಕೊಳವೆಯ ದಾರಿಯಲ್ಲಿ ಚರ್ಮದ ಕಾವಲಿಲ್ಲ. ದ್ರಾವಣದಲ್ಲಿ ಗ್ಲೂಕೋಸ್ ಇರುವುದರಿಂದ ಒಳಹೊಕ್ಕ ಸೂಕ್ಷ್ಮಾಣುವಿಗೆ ಆಹಾರವೂ ಸಿಗುತ್ತದೆ.

ಹೆಚ್ಚಿನ ಸೋಂಕುಗಳು ನಮ್ಮ ಚರ್ಮದ ಮೇಲಿನ ದುಂಡಾಣುಗಳಿಂದಲೇ ಬರುತ್ತವೆ. ಅಪರೂಪಕ್ಕೆ ಬರುವವು ಕೃಷಿಕರಿಗೆ ಪರಿಚಿತವಾದವು. ಗಿಡಗಳ ಬುಡದಲ್ಲಿ ಗಂಟು ಬರಿಸುವ ಅಗ್ರೋಬ್ಯಾಕ್ಟೀರಿಯಂ ಜಾತಿಯ ದುಂಡಾಣು ಅವುಗಳಲ್ಲೊಂದು. ದನ-ಎಮ್ಮೆಗಳ ಗಳಲೆ ರೋಗದ ಪಾಶ್ಚುರೆಲ್ಲ ದುಂಡಾಣು ಬೆಕ್ಕಿನ ಬಾಯಲ್ಲೂ ಇರುತ್ತದೆ. ಬೆಕ್ಕು ಕೊಳವೆಯನ್ನು ಕಚ್ಚಿದಾಗ ಸೋಂಕು ಹೊಟ್ಟೆಗಿಳಿದ ಉದಾಹರಣೆಗಳಿವೆ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಎಚ್ಚರವೂ ಬೇಕು. ಕೆಸರು ಮಣ್ಣಿನಿಂದ ಹರಡುವ ಮೆಲಿಯಾಯ್ಡೋಸಿಸ್ ರೋಗವನ್ನು ಮಣಿಪಾಲದ ವೈದ್ಯರು ಇಲ್ಲಿ ಗುರುತಿಸಿದ್ದಾರೆ. ಮಳೆಗಾಲದಲ್ಲಿ ಇದು ಹೆಚ್ಚು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ರೋಗ ಇರುವವರಿಗೆ ಅಪಾಯ ಅಧಿಕ.

ಮುಂಜಾಗ್ರತೆ

1. ದ್ರಾವಣ ಬದಲಿಸುವ ಕೋಣೆಗೆ ಗೊಬ್ಬರ, ಬೀಜೋಪಚಾರದ ಪುಡಿ, ಬೆಕ್ಕು-ನಾಯಿ ಬರಬಾರದು.

2. ಬದಲಿಸುವಾಗ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಮುಖಕ್ಕೆ ಮಾಸ್ಕ್ ಧರಿಸಿ. ಕೈಗಳನ್ನು ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿ.

3. ಟ್ರೈಕೋಡರ್ಮ ಬೆರೆಸುವುದು, ಗೊಬ್ಬರ ಹೊರುವುದು, ಕೆಸರುಗದ್ದೆಗೆ ಇಳಿಯುವುದು ಮನೆಯ ಇತರರ ಕೆಲಸವಾಗಲಿ.

4. ಕೊಳವೆಯಿದ್ದಾಗ ಕೆರೆ, ಹೊಳೆಗಳಲ್ಲಿ ಮುಳುಗಬೇಡಿ.

ಹೊರಬಂದ ದ್ರಾವಣ ಮಸುಕಾಗಿದ್ದರೆ, ಹೊಟ್ಟೆನೋವು ಅಥವಾ ಜ್ವರ ಬಂದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ. ಆ ಚೀಲವನ್ನು ಎಸೆಯದೆ ಒಯ್ಯಿರಿ. ಗೊಬ್ಬರ, ಮಣ್ಣು, ಜಾನುವಾರುಗಳ ಒಡನಾಟವಿದ್ದರೆ ತಪ್ಪದೆ ವೈದ್ಯರಿಗೆ ತಿಳಿಸಿ. ಅಪರೂಪದ ಸೂಕ್ಷ್ಮಾಣುವನ್ನು ಹುಡುಕಲು ಈ ಮಾಹಿತಿ ಅವರಿಗೆ ದಾರಿ ತೋರುತ್ತದೆ. ಶಿಲೀಂಧ್ರದ ಸೋಂಕಾದರೆ ಸಾಮಾನ್ಯವಾಗಿ ಕೊಳವೆಯನ್ನೇ ತೆಗೆಯಬೇಕಾಗುತ್ತದೆ; ತಡವಾದರೆ ಪ್ರಾಣಾಪಾಯವಿದೆ.

ಇದನ್ನೋದಿ ಯಾರೂ ಟ್ರೈಕೋಡರ್ಮ ಬಳಕೆಯನ್ನು ಕೈಬಿಡಬೇಕಾಗಿಲ್ಲ. ಅದು ತೋಟದಲ್ಲೇ ಇರಲಿ. ರೋಗಿಯ ಕೋಣೆಯ ಹೊಸ್ತಿಲು ದಾಟದಿರಲಿ.